ತೆರಿಗೆ ಉಳಿಸಲು ಮಾಡಿದ ಆರೋಗ್ಯ ವಿಮೆ: ಈಗ ಮುಂದುವರಿಸಬೇಕೇ, ಬಿಡಬೇಕೇ?

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯ ನಿರ್ಣಯದಂತೆ, ಅದೇ ತಿಂಗಳ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಮೇಲಿದ್ದ ಶೇ 18ರ ತೆರಿಗೆ ಪೂರ್ಣವಾಗಿ ರದ್ದಾಯಿತು. ವಿಮೆ ಅಗ್ಗವಾಯಿತು, ಇನ್ನು ಎಲ್ಲರೂ ಮಾಡಿಸುತ್ತಾರೆ ಎಂದು ನಾವು ಭಾವಿಸಿದ್ದೆವು. ಆದರೆ ಸಮಾಜದ ವೈದ್ಯಕೀಯ ಸಹಾಯ ನಿಧಿಯ ಕೆಲಸದಲ್ಲಿ ಓಡಾಡುವ ನನ್ನಂಥವರಿಗೆ ಕೇಳಿಬರುತ್ತಿರುವುದು ಬೇರೆ ಮಾತು. "ಹೊಸ ತೆರಿಗೆ ಪದ್ಧತಿಗೆ ಹೋದೆವು, 80ಡಿ ವಿನಾಯಿತಿ ಈಗ ಸಿಗುವುದಿಲ್ಲ, ಹಾಗಾಗಿ ಈ ವರ್ಷ ಪಾಲಿಸಿ ಕಟ್ಟಲಿಲ್ಲ" ಎಂದು ಹೇಳುವ ಮನೆಗಳು ಒಂದೆರಡಲ್ಲ. ಇವರಲ್ಲಿ ಹೆಚ್ಚಿನವರು 55 ದಾಟಿದವರು, ಅಂದರೆ ಪಾಲಿಸಿ ನಿಜವಾಗಿ ಬೇಕಾಗುವ ವಯಸ್ಸಿನವರು. ಈ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು 80ಡಿ ಅಂದರೆ ಏನಿತ್ತು ಎಂಬುದನ್ನು ನೆನಪಿಸಿಕೊಳ್ಳೋಣ. ತಾನು, ಹೆಂಡತಿ, ಅವಲಂಬಿತ ಮಕ್ಕಳ ಆರೋಗ್ಯ ವಿಮೆಗೆ ಕಟ್ಟಿದ ಪ್ರೀಮಿಯಂನಲ್ಲಿ ವರ್ಷಕ್ಕೆ 25,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ತಂದೆ-ತಾಯಿಯ ಪ್ರೀಮಿಯಂಗೆ ಬೇರೆ 25,000. ಯಾರು 60 ವರ್ಷ ದಾಟಿದ್ದಾರೋ ಅವರ ಪಾಲಿಗೆ ಮಿತಿ 50,000. ಮಗನಿಗೂ 60, ತಂದೆಗೆ 85 ಎಂದರೆ ಒಟ್ಟು ಒಂದು ಲಕ್ಷದವರೆಗೆ ಹೋಗುತ್ತದೆ. ಮುಂಜಾಗ್ರತೆಯ ಆರೋಗ್ಯ ತಪಾಸಣೆಯ 5,000 ರೂಪಾಯಿ ಇದೇ ಮಿತಿಯೊಳಗೆ ಸೇರುತ್ತದೆ. ತಪಾಸಣೆಯ ಹಣವನ್ನು ನಗದಾಗಿ ಕೊಡಬಹುದು, ಪ್ರೀಮಿಯಂ ಮಾತ್ರ ಚೆಕ್, ಕಾರ್ಡ್ ಅಥವಾ ಯುಪಿಐ ಮೂಲಕವೇ ಹೋಗಬೇಕು. ಇದೆಲ್ಲವೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ಮೂಲ ಪದ್ಧತಿ. ಹಳೆಯದು ಬೇಕೆಂದವರು ಕೇಳಿ ಪಡೆಯಬೇಕು.

ನಮ್ಮಲ್ಲಿ ಬಹಳ ಜನ ಈ ವಿಮೆಯನ್ನು ಮಾರ್ಚ್ ತಿಂಗಳ ಸಾಮಾನಿನಂತೆ ಕೊಂಡರು. ವರ್ಷದ ಕೊನೆಗೆ ಸಿಎ ಕಚೇರಿಯಿಂದ ಫೋನ್ ಬರುವುದು, "ಸಾಹುಕಾರ್ರೇ, ಇನ್ನೂ ಇಪ್ಪತ್ತೈದು ಸಾವಿರ ಜಾಗ ಇದೆ" ಎನ್ನುವುದು, ಅದೇ ದಿನ ಏಜೆಂಟ್ ಅಂಗಡಿಗೆ ಬಂದು ಸಹಿ ಹಾಕಿಸಿಕೊಳ್ಳುವುದು. ಪಾಲಿಸಿಯ ಒಳಗೆ ಏನಿದೆ ಎಂದು ತೆರೆದು ನೋಡಿದವರು ಕಡಿಮೆ. ತೆರಿಗೆ ಉಳಿತಾಯ ಎಂಬ ಕಾರಣ ಹೋದ ಕೂಡಲೇ ವಿಮೆಯೂ ಬೇಡವೆನಿಸಿದ್ದು ಇದರಿಂದಲೇ.

ಈಗ ಅಂಕಿಗಳಿಗೆ ಬರೋಣ. ಗಂಡ ಹೆಂಡತಿ ಇಬ್ಬರಿಗೂ ಸೇರಿ ಮೂಲ ಪ್ರೀಮಿಯಂ 40,000 ರೂಪಾಯಿ ಇರುವ ಒಂದು ಮನೆಯನ್ನು ತೆಗೆದುಕೊಳ್ಳಿ, ಗಂಡನಿಗೆ 62 ವರ್ಷ. ಮೊದಲು ಇದರ ಮೇಲೆ 7,200 ಜಿಎಸ್‌ಟಿ ಸೇರಿ 47,200 ಕಟ್ಟಬೇಕಿತ್ತು. ಹಳೆಯ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿದ್ದವರಿಗೆ 80ಡಿಯಿಂದ ಸೆಸ್ ಸೇರಿ ಸುಮಾರು 14,700 ಉಳಿಯುತ್ತಿತ್ತು. ಶೇ 20ರ ಹಂತದವರಿಗೆ ಸುಮಾರು 9,800. ಐದು ಲಕ್ಷದೊಳಗಿನ ಆದಾಯದ ಸಣ್ಣ ಅಂಗಡಿಕಾರನಿಗೆ ತೆರಿಗೆಯೇ ಇರಲಿಲ್ಲವಾದ್ದರಿಂದ ಉಳಿತಾಯವೂ ಸೊನ್ನೆ. ಅಂದರೆ ಹೆಚ್ಚು ದುಡಿಯುವವನಿಗೆ ಸರ್ಕಾರ ಹೆಚ್ಚು ಸಹಾಯ ಮಾಡುತ್ತಿತ್ತು, ಕಿರಾಣಿ ಅಂಗಡಿಯವನು ಮಾತ್ರ ಪೂರ್ತಿ 47,200 ತನ್ನ ಗಲ್ಲಾದಿಂದಲೇ ಕೊಡುತ್ತಿದ್ದ. ಈಗ ಆ 7,200 ಎಲ್ಲರಿಗೂ ಸಮನಾಗಿ ಇಳಿದಿದೆ. ರಿಟರ್ನ್ ತುಂಬುವವನಿಗೂ, ತುಂಬದವನಿಗೂ. ನನ್ನ ದೃಷ್ಟಿಯಲ್ಲಿ ಸಣ್ಣ ವ್ಯಾಪಾರಿ ಕುಟುಂಬಗಳಿಗೆ 80ಡಿಗಿಂತ ಇದೇ ಹೆಚ್ಚು ನ್ಯಾಯವಾದ ಸವಲತ್ತು.

ಹಾಗಾದರೆ 80ಡಿಗಾಗಿ ಹಳೆಯ ಪದ್ಧತಿಗೆ ಮರಳಬೇಕೇ? 2025-26ರ ಲೆಕ್ಕ ಹೀಗಿದೆ. ಹೊಸ ಪದ್ಧತಿಯಲ್ಲಿ ಸಾಮಾನ್ಯ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿಯ ನಂತರ ತೆರಿಗೆ ಇಲ್ಲ. ಆದ್ದರಿಂದ 12 ಲಕ್ಷದೊಳಗಿನ ವ್ಯಾಪಾರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. 15 ಲಕ್ಷ ಆದಾಯವಿರುವ 62 ವರ್ಷದ ವ್ಯಾಪಾರಿಯನ್ನು ನೋಡೋಣ. ಹೊಸ ಪದ್ಧತಿಯಲ್ಲಿ ಅವನ ತೆರಿಗೆ ಸೆಸ್ ಸೇರಿ 1,09,200. ಹಳೆಯ ಪದ್ಧತಿಯಲ್ಲಿ 80ಸಿಯ ಒಂದೂವರೆ ಲಕ್ಷ, 80ಡಿಯ ಪೂರ್ತಿ ಒಂದು ಲಕ್ಷ ಕಳೆದರೂ ತೆರಿಗೆ 1,92,400 ಆಗುತ್ತದೆ. 83,200 ರೂಪಾಯಿ ವ್ಯತ್ಯಾಸ. ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಹುಡುಗರಿಗೆ ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ ಎರಡೂ ದೊಡ್ಡದಾಗಿದ್ದರೆ ಹಳೆಯ ಪದ್ಧತಿ ಕೆಲವೊಮ್ಮೆ ಲಾಭವಾಗಬಹುದು, ಅವರು ಪ್ರತಿ ವರ್ಷ ಆಯ್ಕೆ ಬದಲಿಸಲೂಬಹುದು. ವ್ಯಾಪಾರದ ಆದಾಯವಿರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಹಳೆಯದಕ್ಕೆ ಹೋಗಬೇಕಾದರೆ ರಿಟರ್ನ್ ಗಡುವಿನೊಳಗೆ 10-ಐಇಎ ನಮೂನೆ ಸಲ್ಲಿಸಬೇಕು. ಹಾಗೆ ಹೋಗಿ ಮತ್ತೆ ಹೊಸದಕ್ಕೆ ಬಂದರೆ, ವ್ಯಾಪಾರ ಇರುವವರೆಗೂ ಹಳೆಯದರ ಬಾಗಿಲು ಮುಚ್ಚಿದಂತೆ. ಹೀಗಿರುವಾಗ 80ಡಿಗೆಂದೇ ಹಳೆಯ ಪದ್ಧತಿ ಹಿಡಿಯುವುದು ಎಣ್ಣೆ ಉಳಿಸಲು ದೀಪ ಆರಿಸಿ ಕತ್ತಲಲ್ಲಿ ಎಡವಿದಂತೆ.

ಹಳೆಯ ಪದ್ಧತಿಯಲ್ಲೇ ಉಳಿದಿರುವ ಕುಟುಂಬಗಳಿಗೆ ಎರಡು ಮೂರು ಮಾತು ಹೇಳಿ ಮುಂದೆ ಹೋಗುತ್ತೇನೆ. ವಿಮೆಯೇ ಇಲ್ಲದ 60 ದಾಟಿದ ಹಿರಿಯರ ಔಷಧಿ, ವೈದ್ಯರ ಶುಲ್ಕ, ಪರೀಕ್ಷೆಗಳ ಖರ್ಚನ್ನೂ 50,000ದವರೆಗೆ ಇದೇ 80ಡಿಯಲ್ಲಿ ಕಳೆಯಬಹುದು, ಆದರೆ ನಗದು ಕೊಟ್ಟದ್ದು ಲೆಕ್ಕಕ್ಕಿಲ್ಲ. ತಿಂಗಳಿಗೆ ಮೂರು ನಾಲ್ಕು ಸಾವಿರದ ಸಕ್ಕರೆ, ಬಿಪಿ ಮಾತ್ರೆ ತರುವ ಮನೆಗಳು ಯುಪಿಐನಲ್ಲಿ ಕೊಟ್ಟು ಬಿಲ್ಲು ಇಟ್ಟುಕೊಂಡರೆ ಸಾಕು. ಕ್ಯಾನ್ಸರ್, ಮೂತ್ರಪಿಂಡ ವೈಫಲ್ಯ, ಥಲಸ್ಸೇಮಿಯಾದಂಥ ನಿಗದಿತ ರೋಗಗಳಿಗೆ 80ಡಿಡಿಬಿ ಅಡಿಯಲ್ಲಿ 40,000, ರೋಗಿ ಹಿರಿಯ ನಾಗರಿಕರಾದರೆ ಒಂದು ಲಕ್ಷದವರೆಗೆ ಬೇರೆ ಕಡಿತವಿದೆ. ಅದಕ್ಕೆ ತಜ್ಞ ವೈದ್ಯರ ಪತ್ರ ಬೇಕು, ವಿಮೆಯಿಂದ ಬಂದ ಹಣವನ್ನು ಅದರಿಂದ ಕಳೆಯಬೇಕು. 2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯ್ದೆ, 2025ರ ಜಾರಿಯ ದಿನವಾದ್ದರಿಂದ ಅಂದಿನಿಂದ ಈ ಸೆಕ್ಷನ್ ಸಂಖ್ಯೆಗಳೆಲ್ಲ ಬೇರೆ. ಸಿಎ ಬೇರೆ ಸಂಖ್ಯೆ ಹೇಳಿದರೆ ಗಾಬರಿಯಾಗಬೇಡಿ.

ಅವಿಭಕ್ತ ಕುಟುಂಬಗಳಲ್ಲಿ ಒಂದು ಗೊಂದಲ ಸಾಮಾನ್ಯ. ಅಣ್ಣನ ಖಾತೆಯಿಂದ ತಮ್ಮನ ಮನೆಯ ಪ್ರೀಮಿಯಂ ಹೋಗುತ್ತದೆ. ಅಣ್ಣನಿಗೆ ತಮ್ಮನ ಪ್ರೀಮಿಯಂ ಮೇಲೆ ಕಡಿತವಿಲ್ಲ, ಕಟ್ಟಿದವನು ತಾನಲ್ಲವಾದ್ದರಿಂದ ತಮ್ಮನಿಗೂ ಇಲ್ಲ. ಅತ್ತೆ-ಮಾವನ ಪ್ರೀಮಿಯಂಗೂ ಇಲ್ಲ. ಎಚ್‌ಯುಎಫ್ ಇದ್ದರೆ ಅದರ ಖಾತೆಯಿಂದ ಸದಸ್ಯರ ಪ್ರೀಮಿಯಂ ಕಟ್ಟಿ ಎಚ್‌ಯುಎಫ್ ಹೆಸರಿನಲ್ಲೇ ಕಡಿತ ಪಡೆಯಬಹುದು. ಇನ್ನೊಂದು, ಸ್ವಂತ ಮನೆಯ ವಿಮೆಯನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ಆದರೆ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಮಾಡಿಸಿದ ಆರೋಗ್ಯ ವಿಮೆಯನ್ನು, ನಗದಲ್ಲದೆ ಕಟ್ಟಿದರೆ, ವ್ಯಾಪಾರದ ಖರ್ಚಾಗಿ ತೋರಿಸಬಹುದು. ಹೊಸ ಪದ್ಧತಿಯಲ್ಲೂ ಇದಕ್ಕೆ ಅಡ್ಡಿಯಿಲ್ಲ. ಹತ್ತು ಹದಿನೈದು ವರ್ಷದಿಂದ ನಮ್ಮ ತಕ್ಕಡಿ ಹಿಡಿದವರ ಬಗ್ಗೆ ಯೋಚಿಸಲು ಇದೂ ಒಂದು ದಾರಿ.

ಅಮೆರಿಕದ ಖಾತೆ, ನಮ್ಮ ಠೇವಣಿ

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಮಾತಿನ ನಡುವೆ "ಎಚ್‌ಎಸ್‌ಎ" ಎನ್ನುವುದನ್ನು ಹಲವರು ಕೇಳಿರಬಹುದು. ಆರೋಗ್ಯ ಉಳಿತಾಯ ಖಾತೆ ಎಂದರ್ಥ. 2003ರ ಕಾನೂನಿನಿಂದ ಬಂದ ಈ ವ್ಯವಸ್ಥೆ ನಮಗೆ ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ಲೆಕ್ಕಾಚಾರ ವ್ಯಾಪಾರಿಗಳಾದ ನಮಗೆ ತಿಳಿದಿರಬೇಕಾದದ್ದು.

ಅಲ್ಲಿ ಮೊದಲ ಒಂದಷ್ಟು ಖರ್ಚನ್ನು ರೋಗಿಯೇ ಭರಿಸಬೇಕಾದ ವಿಮೆಗಳಿವೆ. ಆ ಮೊದಲ ಪಾಲಿಗೆ ಡಿಡಕ್ಟಿಬಲ್ ಎನ್ನುತ್ತಾರೆ. 2026ಕ್ಕೆ ಅದು ಒಬ್ಬರಿಗೆ ಕನಿಷ್ಠ 1,700 ಡಾಲರ್, ಕುಟುಂಬಕ್ಕೆ 3,400 ಡಾಲರ್ ಇದ್ದರೆ ಆ ವಿಮೆಯ ಜೊತೆಗೆ ಎಚ್‌ಎಸ್‌ಎ ತೆರೆಯಬಹುದು. ಈ ವರ್ಷ ಒಬ್ಬರಿಗೆ 4,400, ಕುಟುಂಬಕ್ಕೆ 8,750 ಡಾಲರ್‌ವರೆಗೆ ಹಾಕಬಹುದು. 55 ದಾಟಿದವರು ಇನ್ನೂ 1,000 ಸೇರಿಸಬಹುದು. ಹಾಕುವಾಗ ಆ ಹಣಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲ, ಬೆಳೆದದ್ದಕ್ಕೆ ಇಲ್ಲ, ಆಸ್ಪತ್ರೆ, ಹಲ್ಲು, ಕಣ್ಣಿನ ಖರ್ಚಿಗೆ ತೆಗೆದರೆ ಆಗಲೂ ಇಲ್ಲ. ವರ್ಷ ಮುಗಿದರೂ ಹಣ ಉಳಿಯುತ್ತದೆ, ನೌಕರಿ ಬಿಟ್ಟರೂ ಖಾತೆ ಅವರದೇ. ಬೇರೆ ಖರ್ಚಿಗೆ 65ಕ್ಕೆ ಮುಂಚೆ ತೆಗೆದರೆ ಮಾತ್ರ ತೆರಿಗೆಯ ಮೇಲೆ ಶೇ 20 ದಂಡ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ರಾಜ್ಯಗಳು ತಮ್ಮ ರಾಜ್ಯ ತೆರಿಗೆಯಲ್ಲಿ ಈ ಸವಲತ್ತು ಕೊಡುವುದಿಲ್ಲ. ನಮ್ಮ ಹುಡುಗರು ಹೆಚ್ಚಾಗಿರುವುದು ಇವೇ ಎರಡು ರಾಜ್ಯಗಳಲ್ಲಿ ಎಂದು ತೋರುತ್ತದೆ!

ಇಲ್ಲಿರುವ ತಂದೆ-ತಾಯಿಯರಿಗೆ ಒಂದು ಸ್ಪಷ್ಟನೆ. "ಮಗನ ಎಚ್‌ಎಸ್‌ಎಯಲ್ಲಿ ದುಡ್ಡಿದೆ, ನಮ್ಮ ಆಪರೇಷನ್‌ಗೆ ಅದೇ ಆಗುತ್ತದೆ" ಎಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ. ಆ ಖಾತೆಯನ್ನು ತೆರಿಗೆ ಇಲ್ಲದೆ ಬಳಸಬಹುದಾದದ್ದು ತನಗೆ, ಹೆಂಡತಿಗೆ ಮತ್ತು ಅಲ್ಲಿನ ತೆರಿಗೆ ಕಾನೂನು ಒಪ್ಪುವ ಅವಲಂಬಿತರಿಗೆ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ವಾಸಿಸುವ, ಭಾರತದ ಪೌರರಾದ ತಂದೆ-ತಾಯಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮಗ ಊರಿಗೆ ಬಂದಾಗ ತನ್ನದೇ ಹಲ್ಲಿನ ಚಿಕಿತ್ಸೆ ಇಲ್ಲಿ ಮಾಡಿಸಿಕೊಂಡರೆ ಅದಕ್ಕೆ ಬಳಸಬಹುದು, ಬಿಲ್ಲು ಮಾತ್ರ ಸರಿಯಾಗಿರಬೇಕು. ತಂದೆಯ ಆಸ್ಪತ್ರೆಗೆ ಅವನು ತನ್ನ ಸಾಮಾನ್ಯ ಖಾತೆಯಿಂದ ಹಣ ಕಳಿಸಲಿ. ಮಗನಿಂದ ತಂದೆ-ತಾಯಿಗೆ ಬಂದ ಹಣಕ್ಕೆ ಇಲ್ಲಿ ತೆರಿಗೆಯಿಲ್ಲ. ಅಮೆರಿಕದಲ್ಲಿ ಈ ಜನವರಿಯಿಂದ ಬಂದಿರುವ ಶೇ 1ರ ರವಾನೆ ತೆರಿಗೆಯೂ ನಗದು, ಮನಿ ಆರ್ಡರ್‌ಗಳಿಗೆ ಮಾತ್ರ, ಬ್ಯಾಂಕ್ ಖಾತೆಯಿಂದ ಕಳಿಸಿದರೆ ತಗಲುವುದಿಲ್ಲ.

ಈ ವ್ಯವಸ್ಥೆಯಿಂದ ನಾವು ಕಲಿಯಬೇಕಾದದ್ದು ಒಂದೇ. ಸಣ್ಣ ಖರ್ಚಿಗೆ ಸ್ವಂತ ಹಣ, ಮನೆ ಮುಳುಗಿಸುವ ಖರ್ಚಿಗೆ ವಿಮೆ. ನಮ್ಮಲ್ಲಿ ಅಂಥ ತೆರಿಗೆ ಸವಲತ್ತಿನ ಖಾತೆ ಇಲ್ಲದಿದ್ದರೂ ಅದೇ ಲೆಕ್ಕವನ್ನು ನಾವೇ ಕೂಡಿಸಿಕೊಳ್ಳಬಹುದು. "ಸೂಪರ್ ಟಾಪ್‌ಅಪ್" ಎಂಬ ಪಾಲಿಸಿಗಳಿವೆ. ವರ್ಷದ ಒಟ್ಟು ಆಸ್ಪತ್ರೆ ಖರ್ಚು, ಹೇಳೋಣ, ಐದು ಲಕ್ಷ ದಾಟಿದ ಮೇಲೆ ಅವು ಕೊಡಲು ಶುರುಮಾಡುತ್ತವೆ. ಮೊದಲ ಐದು ಲಕ್ಷ ನಮ್ಮದು, ಅಥವಾ ನಮ್ಮಲ್ಲಿರುವ ಚಿಕ್ಕ ಪಾಲಿಸಿಯದು. ಸಣ್ಣ ಬಿಲ್ಲುಗಳು ಕಂಪನಿಯ ತಲೆಗೆ ಬರುವುದಿಲ್ಲವಾದ್ದರಿಂದ ಅಷ್ಟೇ ಮೊತ್ತದ ಪೂರ್ಣ ಪಾಲಿಸಿಗಿಂತ ಪ್ರೀಮಿಯಂ ಬಹಳ ಕಡಿಮೆ. ವೈಯಕ್ತಿಕವಾಗಿ ಕೊಂಡರೆ ಜಿಎಸ್‌ಟಿಯೂ ಇಲ್ಲ. "ಟಾಪ್‌ಅಪ್" ಮತ್ತು "ಸೂಪರ್ ಟಾಪ್‌ಅಪ್" ಬೇರೆ ಬೇರೆ ಎಂಬುದು ನೆನಪಿರಲಿ. ಬರೀ ಟಾಪ್‌ಅಪ್‌ನಲ್ಲಿ ಪ್ರತಿ ಬಾರಿ ದಾಖಲಾದಾಗಲೂ ಬಿಲ್ಲು ಮಿತಿ ದಾಟಬೇಕು. ಮೂರು ಮೂರು ಲಕ್ಷದ ಎರಡು ಬಿಲ್ಲು ಬಂದರೆ ಟಾಪ್‌ಅಪ್ ಒಂದು ಪೈಸೆ ಕೊಡುವುದಿಲ್ಲ, ಸೂಪರ್ ಟಾಪ್‌ಅಪ್ ಐದರ ಮೇಲಿನ ಒಂದು ಲಕ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆದರೆ ಇದು ಎಲ್ಲರಿಗೂ ಅಲ್ಲ. ಒಂದೇ ವಾರದಲ್ಲಿ ಐದು ಲಕ್ಷ ಹೊಂದಿಸಲಾಗದ ಮನೆಗೆ ಮೊದಲ ರೂಪಾಯಿಯಿಂದಲೇ ಕೊಡುವ ಸಾಧಾರಣ ಪಾಲಿಸಿಯೇ ಸರಿ, ಮೂರು ಲಕ್ಷದ್ದಾದರೂ ಸರಿ.

ಹೊಂದಿಸಬಲ್ಲ ಮನೆಗಳಲ್ಲೂ ನಾನು ಕಂಡ ತೊಂದರೆ ಬೇರೆಯದು. ನಮ್ಮ ವ್ಯಾಪಾರಿಗಳ ಬಳಿ ಹಣವಿರುತ್ತದೆ, ಆದರೆ ಅದು ಮಾಲಿನಲ್ಲಿರುತ್ತದೆ, ಉದ್ರಿಯಲ್ಲಿರುತ್ತದೆ. ನಲವತ್ತು ಲಕ್ಷದ ದಾಸ್ತಾನು ಇಟ್ಟುಕೊಂಡ ಮನೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಎರಡು ಲಕ್ಷ ಮುಂಗಡಕ್ಕಾಗಿ ನಾಲ್ಕು ಕಡೆ ಫೋನ್ ಮಾಡಿದ್ದನ್ನು ನೋಡಿದ್ದೇನೆ. ನಗದು ಇದ್ದರೂ, ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು 269ಎಸ್‌ಟಿ ಸೆಕ್ಷನ್ ನಿಷೇಧಿಸಿರುವುದರಿಂದ ಆಸ್ಪತ್ರೆಯವರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆಸ್ಪತ್ರೆಗೆಂದೇ ಒಂದು ಖಾತೆ ಇರಲಿ, ಅಂಗಡಿಯ ಖಾತೆಯ ನೆರಳೂ ಅದರ ಮೇಲೆ ಬೀಳದಿರಲಿ. ಅದರಲ್ಲಿ ಯಾವಾಗ ಬೇಕಾದರೂ ಮುರಿಯಬಹುದಾದ ಠೇವಣಿ ಸಾಕು, ಷೇರು, ಚೀಟಿ, ನಿವೇಶನ ಬೇಡ. ಗಂಡ ಹೆಂಡತಿ ಜಂಟಿ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯುವಂತೆ ಇರಬೇಕು. ಯಜಮಾನರೇ ಐಸಿಯುನಲ್ಲಿ, ಕಾರ್ಡಿನ ಪಿನ್ ಅವರ ತಲೆಯಲ್ಲಿ ಎಂಬ ಸ್ಥಿತಿ ನಮ್ಮ ಅಕ್ಕ-ಅಮ್ಮಂದಿರಿಗೆ ಬರಬಾರದು.

ಸಮಾಜದ ಗುಂಪು ವಿಮೆ, ಸರ್ಕಾರದ ಯೋಜನೆ

ಹಲವು ಊರುಗಳಲ್ಲಿ ಸಂಘ ಸಂಸ್ಥೆಗಳ ಮೂಲಕ ಸದಸ್ಯರಿಗೆ ಗುಂಪು ವಿಮೆ ಇದೆ. ಜಿಎಸ್‌ಟಿ ರದ್ದತಿ ಗುಂಪು ಪಾಲಿಸಿಗಳಿಗೆ ಅನ್ವಯಿಸುವುದಿಲ್ಲ, ಅವುಗಳ ಮೇಲೆ ಶೇ 18 ಮುಂದುವರಿದಿದೆ. ಗುಂಪು ದರ ಅಗ್ಗ ಎಂಬ ಹಳೆಯ ಲೆಕ್ಕವನ್ನು ಕಾರ್ಯಕಾರಿ ಸಮಿತಿಗಳು ಒಮ್ಮೆ ತಿರುಗಿ ನೋಡಬೇಕಾದ ಕಾಲ ಇದು. ಆದರೂ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರಿಗೆ ಗುಂಪು ಪಾಲಿಸಿಯಲ್ಲಿ ಕಾಯುವ ಅವಧಿ ಇಲ್ಲದೆ ಸೇರಿಸುವ ಅನುಕೂಲ ಎಷ್ಟೋ ಸಲ ಸಿಗುತ್ತದೆ. ಅಂಥವರನ್ನು ಗುಂಪಿನಲ್ಲಿ ಉಳಿಸಿ, ಚಿಕ್ಕ ವಯಸ್ಸಿನವರು ಸ್ವಂತ ಪಾಲಿಸಿಗೆ ಹೋಗಬಹುದು. ಗುಂಪು ಪಾಲಿಸಿಯೊಂದನ್ನೇ ನಂಬಿ ಕೂರುವುದು ಮಾತ್ರ ಅಪಾಯ. ಒಂದು ವರ್ಷ ಸಂಘಕ್ಕೆ ದರ ಹೊಂದದೆ ನಿಂತರೆ, 68ರ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡಬೇಕಾದೀತು.

ದಾನಿಗಳ ಕಡೆಯಿಂದಲೂ ಒಂದು ಬದಲಾವಣೆ ಆಗಿದೆ. 80ಜಿ ರಸೀದಿಯ ಕಡಿತವೂ ಹೊಸ ಪದ್ಧತಿಯಲ್ಲಿ ಇಲ್ಲ. ವೈದ್ಯಕೀಯ ನಿಧಿಗೆ ಕೊಡುವವರು ರಸೀದಿಗಾಗಿ ಕೊಡುವವರಲ್ಲ ಎಂದು ನನ್ನ ನಂಬಿಕೆ, ಆದರೂ ಮಾರ್ಚ್ ತಿಂಗಳಲ್ಲಿ ಬರುತ್ತಿದ್ದ ದೊಡ್ಡ ಚೆಕ್ಕುಗಳನ್ನೇ ನಂಬಿ ನಿಧಿ ನಡೆಸುವವರು ಎಚ್ಚರ ವಹಿಸಬೇಕು. ಒಂದು ಕಡೆ ಪಾಲಿಸಿ ಬಿಡುವವರು ಹೆಚ್ಚಿದರೆ ಅರ್ಜಿ ಹೆಚ್ಚುತ್ತದೆ, ಇನ್ನೊಂದು ಕಡೆ ದೇಣಿಗೆ ಇಳಿದರೆ ನಿಧಿ ಬರಿದಾಗುತ್ತದೆ. ಹತ್ತು ಸಾವಿರದ ಸಹಾಯಕ್ಕಿಂತ, ಕೈಲಾಗದ ಮನೆಯ ಪ್ರೀಮಿಯಂನಲ್ಲಿ ಅರ್ಧ ಕಟ್ಟುವುದು ಅದೇ ಹಣದ ಹೆಚ್ಚು ಉಪಯೋಗ ಎಂದು ನಾನು ಸಭೆಗಳಲ್ಲಿ ಹೇಳುತ್ತ ಬಂದಿದ್ದೇನೆ. ಒಪ್ಪದವರೂ ಇದ್ದಾರೆ. ಕಾಯಿಲೆ ಬಂದವರಿಗೆ ಕೊಡದೆ ಬಾರದವರಿಗೆ ಏಕೆ ಕೊಡಬೇಕು ಎಂಬುದು ಅವರ ವಾದ.

ಬೆಳಗಾವಿ, ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ನಮ್ಮ ಕೃಷಿಕ ಕುಟುಂಬಗಳಿಗೆ ಯಶಸ್ವಿನಿ ಯೋಜನೆ ಇದೆ. ನಡುವೆ ನಿಂತುಹೋಗಿದ್ದ ಇದನ್ನು ಸರ್ಕಾರ 2022-23ರಲ್ಲಿ ಮತ್ತೆ ಆರಂಭಿಸಿತು. ಸಹಕಾರ ಸಂಘದ ಸದಸ್ಯರಾದ ಗ್ರಾಮೀಣ ಕುಟುಂಬ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ನಗರದವರು 1,000 ಕಟ್ಟಿ ಐದು ಲಕ್ಷದವರೆಗೆ ಪಟ್ಟಿಯಲ್ಲಿರುವ ಚಿಕಿತ್ಸೆ ಪಡೆಯುವಂತೆ ಅದನ್ನು ರೂಪಿಸಿದರು. ನೋಂದಣಿಗೆ ಪ್ರತಿ ವರ್ಷ ಗಡುವು ಇರುತ್ತದೆ, ಸಂಘದ ಕಾರ್ಯದರ್ಶಿಯನ್ನು ಮುಂಚೆಯೇ ಕೇಳಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಒಂದೂವರೆ ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಮ್ಮವರು ಸಂಕೋಚದಿಂದ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ನೇರ ಖಾಸಗಿಗೆ ಹೋಗಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸುತ್ತಾರೆ. ಆಗ ಕೆಲಸವಾಗುವುದಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ದಾಖಲಾಗುವ ಮುಂಚೆ ಅವರನ್ನು ಕಾಣಬೇಕು.

ನವೀಕರಣದ ಕಾಗದ ಬಂದಾಗ

ಜಿಎಸ್‌ಟಿ ಹೋದ ಮೇಲೆ ಕಂಪನಿಗಳಿಗೆ ಹಿಂದಿನಂತೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಆ ಹೊರೆಯನ್ನು ಮೂಲ ಪ್ರೀಮಿಯಂನಲ್ಲಿ ಸೇರಿಸುವ ಆಸೆ ಅವರಿಗೆ ಇದ್ದೇ ಇರುತ್ತದೆ, ನಾವೂ ವ್ಯಾಪಾರಿಗಳೇ, ನಮಗೆ ಗೊತ್ತಿಲ್ಲದ್ದೇನಲ್ಲ. ಆದ್ದರಿಂದ ಈ ವರ್ಷದ ಕಾಗದವನ್ನು ಕಳೆದ ವರ್ಷದ ಒಟ್ಟು ಮೊತ್ತದ ಜೊತೆಗಲ್ಲ, ತೆರಿಗೆ ಬಿಟ್ಟ ಮೂಲ ಪ್ರೀಮಿಯಂ ಜೊತೆಗೆ ಹೋಲಿಸಿ. ಒಟ್ಟು ಕಡಿಮೆಯಾಗಿ ಕಂಡರೂ ಮೂಲ ಏರಿರಬಹುದು. 60 ದಾಟಿದವರ ಪ್ರೀಮಿಯಂ ಅನ್ನು ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಸಮಾಲೋಚಿಸದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಹೆಚ್ಚು ಏರಿದ್ದರೆ ಲಿಖಿತವಾಗಿ ಕಾರಣ ಕೇಳಿ.

ಕೊಠಡಿ ಬಾಡಿಗೆಯ ಮಿತಿ ಎಂಬ ಸಾಲನ್ನು ಕನ್ನಡಕ ಹಾಕಿಕೊಂಡು ಓದಬೇಕು. ದಿನಕ್ಕೆ 5,000 ಮಿತಿ ಇರುವ ಪಾಲಿಸಿಯಲ್ಲಿ 10,000ದ ಕೊಠಡಿ ಹಿಡಿದರೆ, ಕಂಪನಿ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ವೈದ್ಯರ ಶುಲ್ಕ, ಆಪರೇಷನ್ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸುತ್ತದೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕತ್ತರಿ ಬೀಳಬಾರದು ಎಂಬ ನಿಯಮವಿದೆ. ಐಸಿಯು ಬಿಟ್ಟು ದಿನಕ್ಕೆ 5,000 ಮೀರಿದ ಕೊಠಡಿಗೆ ಶೇ 5 ಜಿಎಸ್‌ಟಿಯೂ ಇದೆ. ಬಂಧುಗಳು ನೋಡಲು ಬರುತ್ತಾರೆ, ದೊಡ್ಡ ಕೊಠಡಿ ಇರಲಿ ಎನ್ನುವ ನಮ್ಮ ಅಭ್ಯಾಸಕ್ಕೆ ಬೀಳುವ ದಂಡ ಇದು.

ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. "ಸಕ್ಕರೆ ಇದ್ದದ್ದು ಬರೆಯಬೇಡಿ, ಪ್ರೀಮಿಯಂ ಜಾಸ್ತಿಯಾಗುತ್ತದೆ" ಎನ್ನುವ ಏಜೆಂಟರು ಈಗಲೂ ಇದ್ದಾರೆ. ಏಜೆಂಟನಿಗೆ ಕಮಿಷನ್ ಬರುವುದು ಪಾಲಿಸಿ ಮಾಡಿಸಿದ ದಿನ, ನಮಗೆ ಲೆಕ್ಕ ಚುಕ್ತವಾಗುವುದು ಆಸ್ಪತ್ರೆಯ ದಿನ. 2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು, ಮೊದಲು 48 ಇತ್ತು. 60 ತಿಂಗಳು ಬಿಡದೆ ಕಟ್ಟಿದ ಪಾಲಿಸಿಯನ್ನು, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ಹೇಳಿ ನಿರಾಕರಿಸುವಂತಿಲ್ಲ. 65ರ ನಂತರ ಹೊಸ ಪಾಲಿಸಿ ಇಲ್ಲ ಎಂಬ ಮಿತಿಯೂ ಹೋಗಿದೆ. ಹೀಗಾಗಿ ಎಂಟು ಹತ್ತು ವರ್ಷ ಕಟ್ಟಿದ ಪಾಲಿಸಿಯನ್ನು ಈಗ ಬಿಡುವವರು ಕಳೆದುಕೊಳ್ಳುವುದು ಒಂದು ವರ್ಷದ ರಕ್ಷಣೆಯನ್ನಲ್ಲ. ಕಾಯುವ ಅವಧಿ, ಈ 60 ತಿಂಗಳ ರಕ್ಷಣೆ, ಕೂಡಿದ ಬೋನಸ್, ಎಲ್ಲವೂ ಸೊನ್ನೆಯಿಂದ ಶುರುವಾಗುತ್ತವೆ. ಗಡುವು ತಪ್ಪಿದ್ದರೆ ಗಾಬರಿ ಬೇಡ, ವಾರ್ಷಿಕ ಪ್ರೀಮಿಯಂಗೆ 30 ದಿನಗಳ ಹೆಚ್ಚುವರಿ ಸಮಯವಿದೆ. ಕಂಪನಿ ಹಿಡಿಸದಿದ್ದರೆ ಬಿಡುವ ಬದಲು ಬೇರೆ ಕಂಪನಿಗೆ ಪೋರ್ಟ್ ಮಾಡಿ, ಕಾದ ಅವಧಿ ಜೊತೆಗೆ ಬರುತ್ತದೆ. ಅದಕ್ಕೆ ಅರ್ಜಿಯನ್ನು ನವೀಕರಣದ ದಿನಕ್ಕೆ 45 ದಿನ ಮುಂಚೆಯೇ ಕೊಟ್ಟರೆ ಕ್ಷೇಮ.

ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಅನುಮತಿಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎಂಬುದು 2024ರ ಮೇ ತಿಂಗಳ ನಿಯಮ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿ ಭರಿಸಬೇಕು. ಬಿಡುಗಡೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ಕೌಂಟರಿನ ಮುಂದೆ ಕುಳಿತವರು ಈ ನಿಯಮದ ಹೆಸರು ಹೇಳಿ ನೋಡಿ, ಫೈಲು ಬೇಗ ಚಲಿಸುತ್ತದೆ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು ದಾಖಲೆ ಇಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಇದರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣ ಅಲ್ಲಿ ತೀರ್ಮಾನವಾಗುತ್ತದೆ. ದೂರಿನ ಜೊತೆ ಪಾಲಿಸಿಯ ಪ್ರತಿ, ತಿರಸ್ಕಾರ ಪತ್ರ, ಆಸ್ಪತ್ರೆಯ ಬಿಡುಗಡೆ ಸಾರಾಂಶ ಮತ್ತು ಬಿಲ್ಲುಗಳ ಪ್ರತಿ ಇರಲಿ. ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ.